ಹಗ್ಗದ ಕೆಳಗಿನ ಹಳದಿ

ಅಂಗಡಿಗಳಿಂದ ವಾಪಸ್ ಬಂದ ಚೀಸಿನ ಪೆಟ್ಟಿಗೆಗಳಿಂದ ನಾರಿನ ಹಗ್ಗ ಬಿಚ್ಚಿ ಸುತ್ತುತ್ತಿದ್ದೆ. ಆಸ್ಪತ್ರೆಯ ವರದಿ ಬಂದಿತ್ತು. ಯಜಮಾನರ ಸೊಸೆ ಭಾನುಪ್ರಿಯಾ ಏಳು ತಿಂಗಳ ಬಸುರಿ. ಜ್ವರ ಇಳಿದಿಲ್ಲ. ಅವರು ತಿಂದ ನಮ್ಮದೇ ಮೆತ್ತನೆ ಚೀಸಿನಲ್ಲಿ ಲಿಸ್ಟೀರಿಯಾ ಎಂಬ ರೋಗಾಣು ಸಿಕ್ಕಿತ್ತು.

ನೊಣವಿನಕೆರೆಯ ಈ ಸಣ್ಣ ಡೈರಿಯಲ್ಲಿ ಚೀಸ್ ಮಾಡುವವಳು ನಮ್ಮವ್ವ ಅಂಕಮ್ಮ. ಅವಳ ಬೆರಳಿಗೆ ಬಟ್ಟೆ ಸುತ್ತಿತ್ತು.

"ಗಾಯದ ಕೈ ಹಾಕಿದ್ಯಲ್ಲಮ್ಮ! ನಾಳೆಯಿಂದ ಬರಬೇಡ," ಎಂದರು ಯಜಮಾನರು ತೋಂಟದಾರ್ಯ.

ಅವ್ವ ಗೇಟಿನಾಚೆ ಹೋಗಿ ತೆಂಗಿನ ಬುಡದಲ್ಲಿ ಕೂತಳು.

* * *

ಮಧ್ಯಾಹ್ನ ಆಹಾರ ಅಧಿಕಾರಿ ರವೀಂದ್ರ ಬಂದರು. ಯಜಮಾನರು ಅವ್ವನ ಬೆರಳಿನ ಗಾಯದ ಮಾತೆತ್ತಿದರು.

"ಗಾಯ ಯಾವಾಗಿಂದು?"

"ಮೊನ್ನೆ, ಕಾಯಿ ಸುಲಿಯುವಾಗ," ಎಂದೆ ಮೆಲ್ಲಗೆ.

"ಚೀಸು ಹೋದ ತಿಂಗಳದ್ದು. ಗಾಯ ಬುಡಿ ಯಜಮಾನ್ರೇ. ರೋಗಾಣು ಹಾಲಿಂದಲೂ ಬರುತ್ತೆ, ಮೋರಿಯಿಂದಲೂ ಬರುತ್ತೆ. ಅದನ್ನ ಸಾಯಿಸೋಕೇ ತಾನೇ ಪ್ಯಾಕ್ ಮಾಡಿದ್ಮೇಲೆ ಗಾಮಾ ಕಿರಣ ಹಾಯಿಸೋದು?"

"ಹಾಯಿಸಿದೆ ಸಾರ್," ಎಂದ ವ್ಯಾನ್ ಓಡಿಸುವ ಯೋಗೀಶ್. "ನಾನೇ ಕಿರಣ ಹಾಯಿಸೋ ಘಟಕಕ್ಕೆ ತಗೊಂಡೋಗಿದ್ದೆ. ಚೀಟಿ ನೋಡಿ, ಕೆಂಪಗಿದೆ."

ಪ್ರತಿ ಪೆಟ್ಟಿಗೆಯ ಮೇಲೂ ಒಂದು ಹಳದಿ ಚೀಟಿ ಅಂಟಿಸುತ್ತೇವೆ. ಕಿರಣ ತಾಗಿದರೆ ಕೆಂಪಾಗುತ್ತದೆ. ನಾನು ಬಿಚ್ಚುತ್ತಿದ್ದ ಪೆಟ್ಟಿಗೆಗಳೂ ಆ ಲೋಡಿನವೇ; ಇವುಗಳ ಚೀಟಿಯೂ ಕೆಂಪಾಗಿದ್ದವು.

"ಹಂಗಾದ್ರೆ ಆಮೇಲೆ ಪ್ಯಾಕೆಟ್ ಬಿಚ್ಚಿ ಕೈ ಹಾಕಿದ್ದು ಅಂಕಮ್ಮನೇ," ಎಂದರು ಯಜಮಾನರು.

ನನ್ನ ಕೈ ನಿಂತಿತು. ಹಗ್ಗ ಬಿಚ್ಚಿದ ಚೀಟಿಯ ನಡುವೆ ಬೆರಳಗಲದ ಹಳದಿ ಪಟ್ಟಿ. ಮುಂದಿನ ಪೆಟ್ಟಿಗೆ ಬಿಚ್ಚಿದೆ. ಅಲ್ಲೂ ಪಟ್ಟಿ. ಮೂಲೆಯಿಂದ ಹಳೇ ಲೋಡಿನ ಪೆಟ್ಟಿಗೆ ತಂದು ಬಿಚ್ಚಿದೆ. ಹಗ್ಗದ ಕೆಳಗೂ ಕೆಂಪು.

ಮೂರನ್ನೂ ಅಧಿಕಾರಿಯ ಮುಂದಿಟ್ಟೆ.

"ಪಟ್ಟಿ ಇರೋ ಇವೆರಡೂ ಬಿಸಿಲಿಗೆ ಕೆಂಪಾಗಿರೋದು ಸಾರ್."

ಯೋಗೀಶ್ ನಕ್ಕ. "ಏನಮ್ಮಿ, ಏಳನೇ ಕ್ಲಾಸಿಗೇ ಇಸ್ಕೂಲು ಬುಟ್ಟೋಳು ನೀನು. ಗಾಮಾ ಕಿರಣ ಗೊತ್ತಾ ನಿಂಗೆ?"

"ಕಿರಣ ಗೊತ್ತಿಲ್ಲಣ್ಣ. ಹಗ್ಗದ ನೆರಳು ಗೊತ್ತು."

ರವೀಂದ್ರ ಚೀಟಿಯ ಮೇಲೆ ಬೆರಳಾಡಿಸಿದರು. "ಸರಿ ಹೇಳ್ತಿದ್ದಾಳೆ. ಪೆಟ್ಟಿಗೇನೇ ತೂರಿಹೋಗೋ ಕಿರಣಕ್ಕೆ ಹಗ್ಗ ಅಡ್ಡ ಬರಲ್ಲ. ಬಿಸಿಲಿಗೆ ಬರುತ್ತೆ. ಎಲ್ಲಿ ನಿಲ್ಸಿದ್ದೆ ಯೋಗೀಶ?"

ಯೋಗೀಶನ ನಗು ಹೋಯಿತು.

"ಕಿಬ್ಬನಹಳ್ಳೀಲಿ ಸಾರ್. ಘಟಕದಲ್ಲಿ ಸರದಿ ತಪ್ಪೋಗಿತ್ತು. ಹಂಗೇ ವಾಪಸ್ ತಂದ್ರೆ ಯಜಮಾನ್ರು ಕೆಲಸದಿಂದ ತೆಗೀತಿದ್ರು. ವ್ಯಾನಿನ ಗಾಜಿನ ಹತ್ರ ಇಟ್ಟಿದ್ದ ಚೀಟಿ ಒಂದ್ಸಲ ತಾನೇ ಕೆಂಪಾಗಿತ್ತು, ಅದು ನೆನಪಾಗಿ ಪೆಟ್ಟಿಗೆಗಳನ್ನ ಬಿಸಿಲಿಗಿಟ್ಟೆ. ಭಾನುಪ್ರಿಯಾ ಅಕ್ಕಾರು ತಿಂತಾರೆ ಅಂತ ಗೊತ್ತಿರ್ಲಿಲ್ಲ ಕಣ್ರೀ."

ಗೇಟಿನಾಚೆ ಅವ್ವ ಇನ್ನೂ ಕೂತೇ ಇದ್ದಳು.

"ಯಜಮಾನ್ರೇ, ನಮ್ಮವ್ವನ್ನ ಒಳಕ್ಕೆ ಕರೀರಿ," ಎಂದೆ.

ರವೀಂದ್ರ ಬರೆಯುತ್ತಿದ್ದರು. ಯಜಮಾನರು ಹಗ್ಗದ ರಾಶಿ ದಾಟಿ ಗೇಟಿನತ್ತ ನಡೆದರು.