ಉತ್ತರ ಕಲಿತವರು

ಭಾವ ಆ ಮಾತನ್ನು ಊಟದ ಮೇಜಿನಲ್ಲಿ, ಅಕ್ಕನ ಎದುರಿಗೇ ಆಡಿದ್ದ. "ತಪಾಸಣೆಯವರು ಬರ್ತಿದಾರೆ. ಅವರ ಕಣ್ಣಿಗೆ ಏನಾದರೂ ಬಿತ್ತೋ, ಕಾರ್ಖಾನೆಗೆ ಬೀಗ, ನನಗೂ ನಿನಗೂ ಜೈಲು. ಅಲ್ಲಾದರೂ ನೀನು ಏನಕ್ಕಾದರೂ ಉಪಯೋಗಕ್ಕೆ ಬರ್ತೀಯೋ ಏನೋ." ಅಕ್ಕ ನಕ್ಕುಬಿಟ್ಟಳು. ಭಾವನ ಮಾತನ್ನು ಮ್ಯಾನೇಜರು ನುಂಗಿಕೊಂಡ. ಅಕ್ಕನ ನಗುವನ್ನು ಮಾತ್ರ ನುಂಗಲಾಗಲಿಲ್ಲ. ಹತ್ತು ವರ್ಷದಿಂದ ಈ ಕಾರ್ಖಾನೆಯನ್ನು ನಡೆಸುತ್ತಿರುವವನು ತಾನು, ಬೋರ್ಡಿನ ಮೇಲಿರುವ ಹೆಸರು ಭಾವನದು. ಇರಲಿ, ಈ ತಪಾಸಣೆ ಮುಗಿಯಲಿ, ಆಮೇಲೆ ಯಾರು ನಗುತ್ತಾರೆ ನೋಡೋಣ ಎಂದುಕೊಂಡ.

ಚರ್ಮದ ಕೈಗವಸು ಕೊಳ್ಳುವ ದೊಡ್ಡ ಕಂಪನಿ ಮುಂಚಿತವಾಗಿ ಒಂದು ಕೈಪಿಡಿ ಕಳಿಸಿತ್ತು. ಜನರನ್ನು ಜೀತಕ್ಕಿಟ್ಟುಕೊಂಡ ಕಡೆ ಏನೇನು ಕಾಣುತ್ತದೆ, ತಪಾಸಣೆಯವರು ಏನೇನು ಹುಡುಕಬೇಕು ಎಂದು ಐವತ್ತೆರಡು ಪುಟ. ಬರೆದವರೂ ಅದನ್ನು ಅಷ್ಟು ಭಕ್ತಿಯಿಂದ ಓದಿರಲಿಕ್ಕಿಲ್ಲ. ಅವನು ಅರೆದು ಕುಡಿದ. ಎಲ್ಲೆಲ್ಲಿ ಹುಡುಕುತ್ತೇವೆ ಎಂದು ಅವರೇ ಪಟ್ಟಿ ಮಾಡಿ ಅಂಚೆಯಲ್ಲಿ ಕಳಿಸಿದ ಮೇಲೆ ಇನ್ನೇನು ಬೇಕು?

ಏಜೆಂಟನೊಬ್ಬ ದೂರದಿಂದ ಕರೆತಂದ ನಲವತ್ತೆರಡು ಹೆಂಗಸರು ಮೂರು ವರ್ಷದಿಂದ ಅಲ್ಲೇ ಹೊಲಿಯುತ್ತ, ಅಲ್ಲೇ ಮಲಗುತ್ತ ಇದ್ದರು. ಗೇಟು ದಾಟಿದವಳು ಒಬ್ಬಳೂ ಇಲ್ಲ. ಅವರ ಗುರುತಿನ ಕಾಗದಗಳೆಲ್ಲ ಮ್ಯಾನೇಜರನ ಬೀರುವಿನಲ್ಲಿದ್ದವು. ಒಂಬತ್ತನೇ ಪುಟ ಓದಿದ ದಿನವೇ ಅವನ್ನು ಹೊರತೆಗೆದು ಹಂಚಿದ. ಬೀರುವಿನಲ್ಲಿ ಮಾಸದೆ ಉಳಿದ ಕಾಗದ ಅನುಮಾನ ಹುಟ್ಟಿಸುತ್ತದೆಂದು, ಒಂದು ವಾರ ದಿಂಬಿನಡಿ ಇಟ್ಟುಕೊಂಡು ಮಲಗಲು ಹೇಳಿದ. ಮೂಲೆ ಮಡಚಿ, ಬೆವರು ಹತ್ತಿ, ಕಾಗದಗಳು ಚೆನ್ನಾಗಿಯೇ ಹಣ್ಣಾದವು. ಮಲಗುವ ಕೋಣೆಯ ಹೊರಚಿಲಕ ಕಿತ್ತು, ತೂತುಗಳಿಗೆ ಮೇಣ ತುಂಬಿ, ಮೇಲೆ ಬಣ್ಣ ಬಳಿಸಿದ. ಗೇಟನ್ನು ಬೆಳಗಿನಿಂದ ಸಂಜೆಯವರೆಗೆ ಹಾರುಹೊಡೆದು ಇಡಿಸಿದ. ಯಾರೂ ಓಡಲಿಲ್ಲ. ಯಾಕೆ ಓಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಮೊದಲ ಸಾಲಿನಲ್ಲಿ ಹೊಲಿಯುವವಳಿಗೆ ಅವನು ಗಿಣಿ ಎಂದು ಹೆಸರಿಟ್ಟಿದ್ದ. ಹೇಳಿಕೊಟ್ಟಿದ್ದನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದಳು. ಅವಳ ತಂಗಿಯೂ ಅಲ್ಲೇ ಕೆಲಸಕ್ಕಿದ್ದಳು. ತಪಾಸಣೆಗೆ ಹತ್ತು ದಿನ ಮೊದಲು ಅವಳನ್ನು ಭಾವನ ಇನ್ನೊಂದು ಶೆಡ್ಡಿಗೆ ಸಾಗಿಸಿದ.

"ತಂಗಿ ಎಲ್ಲಿ ಸಾರ್?" ಗಿಣಿ ಕೇಳಿದಳು.

"ಚೆನ್ನಾಗಿದಾಳೆ. ನೀನು ಚೆನ್ನಾಗಿ ಮಾತಾಡಿದರೆ ಇನ್ನೂ ಚೆನ್ನಾಗಿರ್ತಾಳೆ. ಹಾಳು ಮಾಡಿದೆಯೋ, ಅವಳು ಹೊಲಿದ ಗ್ಲೌಸು ಅವಳ ಕೈಗೇ ಆಗಲ್ಲ, ತಿಳೀತಾ?"

ತಿಳಿಯಿತು. ಅವಳ ಮುಖ ಬಿಳಿಚಿದ್ದನ್ನು ಅವನು ಒಳ್ಳೆಯ ದಾರ ನೋಡಿದಂತೆ ನೋಡಿದ.

ತಾಲೀಮು ಮೂರು ವಾರ ನಡೆಯಿತು. ಕೈಪಿಡಿಯ ಮೂವತ್ತೊಂದನೇ ಪುಟದಲ್ಲಿ, ಎಲ್ಲರೂ ಒಂದೇ ಉತ್ತರ ಕೊಟ್ಟರೆ ಎಚ್ಚರ ಎಂದಿತ್ತು. ಹಾಗಾಗಿ ಉತ್ತರಗಳನ್ನು ಬೇರೆಬೇರೆ ಮಾಡಿಸಿದ. ಒಬ್ಬಳು ಭಾನುವಾರ ಪೇಟೆಗೆ ಹೋಗುತ್ತಾಳೆ, ಇನ್ನೊಬ್ಬಳಿಗೆ ಹೋಗಲು ಸೋಮಾರಿತನ. ಸಣ್ಣಪುಟ್ಟ ದೂರುಗಳನ್ನೂ ಕಲಿಸಿದ, ದೂರೇ ಇಲ್ಲದ ಕಡೆ ಯಾರು ನಂಬುತ್ತಾರೆ? ಫ್ಯಾನು ಕಿರುಗುಟ್ಟುತ್ತದೆ, ಸಾರಿಗೆ ಉಪ್ಪು ಕಮ್ಮಿ. ಗಿಣಿಯ ಪಾಲಿಗೆ ತನ್ನನ್ನೇ ಬಿಟ್ಟುಕೊಟ್ಟ. "ಮ್ಯಾನೇಜರು ಸುಮ್ಮಸುಮ್ಮನೆ ಕೂಗಾಡ್ತಾರೆ, ಮೂಗಿನ ಮೇಲೇ ಕೋಪ ಅನ್ನು. ಸ್ವಲ್ಪ ನಗ್ತಾ ಅನ್ನು." ತಪ್ಪಿದವಳನ್ನು ನಿಲ್ಲಿಸುತ್ತಿರಲಿಲ್ಲ, ಅವಳ ಪಕ್ಕದವಳನ್ನು ನಿಲ್ಲಿಸುತ್ತಿದ್ದ, ಊಟವಿಲ್ಲದೆ. ಹಾಗೆ ಮಾಡಿದರೆ ಪಾಠ ಬೇಗ ಹತ್ತುತ್ತದೆ ಎಂಬುದು ಅವನದೇ ಶೋಧ, ಕೈಪಿಡಿಯಲ್ಲಿ ಇರಲಿಲ್ಲ.

ತಪಾಸಣೆಗೆ ಬಂದವಳು ನಡುವಯಸ್ಸಿನ ಹೆಂಗಸು, ಮಂಡಿನೋವು ಬೇರೆ. ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತಳು. ಅವನಿಗೆ ಪಾಪ ಅನಿಸಿತು, ಕುರ್ಚಿ ಹಾಕಿಸಿದ. ಅವಳು ಕಾಗದ ನೋಡಿದಳು, ಹಾಸಿಗೆ ನೋಡಿದಳು, ತೆರೆದ ಗೇಟು ನೋಡಿದಳು. "ಪರವಾಗಿಲ್ಲ, ಅಚ್ಚುಕಟ್ಟಾಗಿ ಇಟ್ಕೊಂಡಿದೀರಿ," ಎಂದಳು.

"ನಮ್ಮ ಮನೆ ಹೆಣ್ಮಕ್ಕಳ ಥರಾನೇ ಮೇಡಂ," ಎಂದ ಅವನು.

ಹೆಂಗಸರ ಜೊತೆ ತಾನೊಬ್ಬಳೇ ಮಾತಾಡಬೇಕು ಎಂದಳು. ನಲವತ್ತನೇ ಪುಟ. ಗಾಜಿನ ಗೋಡೆಯ ತನ್ನ ಆಫೀಸನ್ನೇ ಬಿಟ್ಟುಕೊಟ್ಟ. ಗಾಜಿನ ಮೇಲ್ತುದಿಯಲ್ಲಿ ಗೇಣಗಲ ಗಾಳಿಕಿಂಡಿ ಇತ್ತು. ಹೊರಗೆ ಗ್ಲೌಸಿನ ಕಟ್ಟು ಎಣಿಸುತ್ತ ನಿಂತವನಿಗೆ ಒಳಗಿನ ಪಿಸುಮಾತೂ ಕೇಳುತ್ತಿತ್ತು. ತಪಾಸಣೆಯವಳು ಐವರನ್ನು ಒಟ್ಟಿಗೆ ಕರೆದಳು, ಮುಂದೆ ಗಿಣಿ. ಒಳಗೆ ಬಿಟ್ಟು ಬಾಗಿಲು ಮುಚ್ಚಿದವಳು ಹಗಲೂ ರಾತ್ರಿ ಅವರನ್ನು ಕಾಯುವ ವಾರ್ಡನಮ್ಮ.

ಇಪ್ಪತ್ತು ನಿಮಿಷ. ಒಬ್ಬಳೂ ಎಡವಲಿಲ್ಲ. ಪೇಟೆಯಾಯಿತು, ಸೋಮಾರಿತನವಾಯಿತು, ಉಪ್ಪಾಯಿತು. ಗಿಣಿಯಂತೂ, "ಮೂಗಿನ ಮೇಲೇ ಕೋಪ ಮೇಡಂ ಅವರಿಗೆ," ಎಂದು ನಕ್ಕ ರೀತಿಗೆ ತಪಾಸಣೆಯವಳೂ ನಕ್ಕಳು. ಹೊರಗೆ ಅವನಿಗೂ ನಗು ಬಂತು. ಸಂಜೆ ಭಾವನಿಗೆ ಏನು ಹೇಳುವುದು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳತೊಡಗಿದ. ಅಕ್ಕನೂ ಮೇಜಿನಲ್ಲಿರಬೇಕು.

"ಸರಿ ಕಣಮ್ಮ, ಅಷ್ಟೇ. ನೀವಿನ್ನು ಹೋಗಿ," ಎಂದಳು ತಪಾಸಣೆಯವಳು. ಐವರೂ ಎದ್ದರು. ಬಾಗಿಲ ತನಕ ಬಂದು, ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತರು. ಅದು ತಳ್ಳಿದರೆ ತೆರೆಯುವ ಬಾಗಿಲು, ಬೀಗವಿಲ್ಲ, ಚಿಲಕವೂ ಇಲ್ಲ. ಯಾರ ಕೈಯೂ ಏಳಲಿಲ್ಲ. ಮೂರು ವರ್ಷದಲ್ಲಿ ಮಲಗುವ ಕೋಣೆಯಿರಲಿ, ಬಚ್ಚಲಿರಲಿ, ತಾಲೀಮಿನ ಕೋಣೆಯಿರಲಿ, ಅವರ ಪಾಲಿಗೆ ಒಂದು ಬಾಗಿಲೂ ಒಳಗಿನಿಂದ ತೆರೆದದ್ದಿಲ್ಲ ಎಂಬುದು ಮ್ಯಾನೇಜರನಿಗೆ ಹೊಳೆದದ್ದು ಆಗಲೇ. ಐವತ್ತೆರಡು ಪುಟದಲ್ಲಿ ಎಲ್ಲೂ ಅದನ್ನು ಬರೆದಿರಲಿಲ್ಲ. ಕಣ್ಸನ್ನೆ ಮಾಡೋಣವೆಂದರೆ ನಡುವೆ ಗಾಜು, ಗಾಜಿನಾಚೆ ತಪಾಸಣೆಯವಳು. ಅವಳು ಸಾಲಿನ ಕಡೆ ನೋಡಿದಳು. "ಯಾಕಮ್ಮ, ಹೋಗಿ, ಬೀಗ ಹಾಕಿಲ್ಲವಲ್ಲ," ಎಂದಳು. ಆ ಪ್ರಶ್ನೆಗೆ ಅವನು ಉತ್ತರ ಕಲಿಸಿರಲಿಲ್ಲ. ಗಿಣಿ ತಲೆತಗ್ಗಿಸಿಕೊಂಡೇ, ಬಲು ವಿನಯದಿಂದ ಹೇಳಿದಳು: "ಇನ್ನೂ ತೆಗೆದಿಲ್ಲ ಮೇಡಂ. ತೆಗೀತಾರೆ." ಆಮೇಲೆ ಒಳಗಿದ್ದ ಆರು ಜನವೂ, ಯಾರು ತೆಗೆಯುತ್ತಾರೆ ಎಂದು, ಗಾಜಿನಾಚೆ ನಿಂತಿದ್ದ ಅವನ ಕಡೆ ನೋಡಿದರು.