ಕ್ಯಾರಿಗ್‌ಮಾನಕ್‌ನ ಕಲ್ಲುಕಿಟಕಿ

ಗಾಳಿ ಇಳಿದಿದೆ, ನಾಳೆ ಬೆಳಿಗ್ಗೆ ಹೊರಡೋಣ ಎಂದು ಫಿನ್‌ಬಾರ್ ಹೇಳಿದಾಗ ಮಗಳು ಲೀಡನ್ ಎದುರಾಡಲಿಲ್ಲ. ಹಗ್ಗ, ಸೊಂಟಪಟ್ಟಿ, ಚಹಾದ ಫ್ಲಾಸ್ಕ್ ಎಲ್ಲವನ್ನೂ ಚೀಲಕ್ಕೆ ತುಂಬತೊಡಗಿದಳು. ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಇಳಿಸಿ ತರುವ ತಂಡದಲ್ಲಿ ದುಡಿಯುವವಳು ಅವಳು. ಅಪ್ಪನ ಸೊಂಟದ ಕೀಲು ಎಷ್ಟು ಸವೆದಿದೆಯೆಂದು ಅವಳಿಗೆ ಗೊತ್ತಿತ್ತು. ಚಳಿಗಾಲಕ್ಕೆ ಶಸ್ತ್ರಚಿಕಿತ್ಸೆ, ಆಮೇಲೆ ದೋಣಿಯ ಕೆಲಸವೂ ಇಲ್ಲ, ಬಂಡೆ ಹತ್ತುವುದೂ ಇಲ್ಲ ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು. ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು. ಅಕ್ಟೋಬರ್ ಕಾಲಿಟ್ಟರೆ ಕೆರಿ ತೀರದ ಕಡಲು ಯಾರನ್ನೂ ಹತ್ತಿರ ಸೇರಿಸುವುದಿಲ್ಲ.

ಹೋಗಬೇಕಿದ್ದದ್ದು ಕ್ಯಾರಿಗ್‌ಮಾನಕ್‌ಗೆ. ದಡದಿಂದ ಬಹುದೂರ, ಅಟ್ಲಾಂಟಿಕ್ ಸಾಗರದಿಂದ ನೆಟ್ಟಗೆ ಎದ್ದು ನಿಂತ ಕಪ್ಪು ಬಂಡೆ ಅದು. ಸಾವಿರ ವರ್ಷಕ್ಕೂ ಹಿಂದೆ ಯಾರೋ ಕ್ರೈಸ್ತ ಸನ್ಯಾಸಿಗಳು ಅದರ ನೆತ್ತಿಯಲ್ಲಿ ಗಾರೆಯಿಲ್ಲದೆ, ಬರೀ ಕಲ್ಲಿನ ಮೇಲೆ ಕಲ್ಲು ಪೇರಿಸಿ, ಜೇನುಗೂಡಿನಂಥ ಗುಡಿಸಲುಗಳನ್ನು ಕಟ್ಟಿದ್ದರು. ಅವನ್ನು ನೋಡಲು ರಜೆಯಲ್ಲಿ ಬರುವ ಜನರನ್ನು ಫಿನ್‌ಬಾರ್ ಹರೆಯದಿಂದಲೂ ದೋಣಿಯಲ್ಲಿ ಕರೆದೊಯ್ಯುತ್ತಿದ್ದ. ಅವನು ಮಾತ್ರ ಮೇಲೆ ಹೋಗಿರಲಿಲ್ಲ. ಅಲ್ಲಿ ದೋಣಿ ಕಟ್ಟಲು ಜಾಗವಿಲ್ಲ. ಕಟ್ಟಿದರೆ ಅಲೆ ಅದನ್ನು ಬಂಡೆಗೆ ಬಡಿದು ಪುಡಿ ಮಾಡುತ್ತದೆ. ಜನರನ್ನು ಇಳಿಸಿ, ದೂರ ಸರಿದು, ಅವರು ಮರಳುವವರೆಗೆ ನೀರಿನಲ್ಲೇ ಸುತ್ತು ಹಾಕುತ್ತಿರುವುದು ದೋಣಿಯವನ ಪಾಡು.

ಅವನ ಹೆಂಡತಿ ಗಾಬ್ನೆಟ್ ಬೇಸಿಗೆಯಲ್ಲಿ ಆ ನೆತ್ತಿಯ ಮೇಲೆ ನಿಂತು ಬಂದವರಿಗೆ ಕತೆ ಹೇಳುವ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಅವನೇ ಬಿಟ್ಟು ಸಂಜೆ ಅವನೇ ಕರೆತರುತ್ತಿದ್ದ. ದಾರಿಯುದ್ದಕ್ಕೂ ಅವಳದ್ದು ಮೇಲಿನ ಸುದ್ದಿಯೇ. ತುದಿಯ ಗುಡಿಸಲಿಗೆ ಒಂದು ಕಿಟಕಿಯಿದೆ, ಒಂದು ಸಲವಾದರೂ ಬಂದು ಅದರಿಂದ ನೋಡು ಎಂದು ಪ್ರತಿ ವರ್ಷ ಕರೆಯುತ್ತಿದ್ದಳು. ಮುಂದಿನ ವರ್ಷ ಬರುತ್ತೇನೆ ಎಂದು ಇವನು ಪ್ರತಿ ವರ್ಷ ಹೇಳುತ್ತಿದ್ದ. ಹೋದ ವರ್ಷದ ವಸಂತದಲ್ಲಿ ಅವಳು ತೀರಿಕೊಂಡಳು.

ದೋಣಿ ಹಿಡಿಯಲು ಒಬ್ಬ ಬೇಕಿತ್ತು. ಆ ಬಂಡೆಯ ನೀರು ಬಲ್ಲವನು ಊರಲ್ಲಿ ಮಾಸಿ ಒಬ್ಬನೇ. ಊರಿನ ಅದೇ ದೋಣಿಕಟ್ಟೆಯಿಂದ, ಅದೇ ಪ್ರವಾಸಿಗರಿಗಾಗಿ ಫಿನ್‌ಬಾರ್ ಜೊತೆ ಜೀವನವಿಡೀ ಪೈಪೋಟಿ ಮಾಡಿದವನು.

"ನಂಗೆ ಟಬ್‌ನಲ್ಲಿ ತೇಲೋಕೂ ಬರಲ್ಲ ಅಂತ ಊರೆಲ್ಲಾ ಹೇಳ್ಕೊಂಡು ಬಂದೋನು ನೀನು. ಈಗ ನಿನ್ನ ದೋಣೀನೇ ನನ್ನ ಕೈಗೆ ಕೊಡ್ತೀಯಾ?" ಎಂದ ಮಾಸಿ.

"ಬೇರೆ ಯಾರೂ ಸಿಗಲಿಲ್ಲ ಮಾರಾಯ."

ಮಾಸಿ ಟೋಪಿ ಹಾಕಿಕೊಂಡು ಬಂದ.

ಬೆಳಗಿನ ಕಡಲು ಸೀಸದ ಬಣ್ಣಕ್ಕಿತ್ತು. ಬಿಳಿಯ ಗ್ಯಾನೆಟ್ ಹಕ್ಕಿಗಳು ರೆಕ್ಕೆ ಮಡಚಿ, ಎಸೆದ ಈಟಿಗಳಂತೆ ನೀರಿಗೆ ಬೀಳುತ್ತಿದ್ದವು. ಮಂಜಿನಿಂದ ಮೊದಲು ಬಂಡೆಯ ತುದಿ, ಆಮೇಲೆ ಹೆಗಲು, ಕೊನೆಗೆ ಅದರ ಬುಡದಲ್ಲಿ ಏಳುತ್ತಿದ್ದ ನೊರೆ ಕಾಣಿಸಿತು. ಎಷ್ಟೋ ಸಾವಿರ ಸಲ ನೋಡಿದ ನೋಟ. ಆದರೂ ಫಿನ್‌ಬಾರ್ ಸೊಂಟಪಟ್ಟಿಯನ್ನು ಇನ್ನೊಮ್ಮೆ ಬಿಗಿದುಕೊಂಡ.

ದೋಣಿಯಿಂದ ಬಂಡೆಯ ಬುಡದ ಕಟ್ಟೆಗೆ ಇಳಿಯುವುದೇನೂ ಕಷ್ಟವಾಗಲಿಲ್ಲ. ಮೆಟ್ಟಿಲುಗಳು ಕಷ್ಟ ಕೊಟ್ಟವು. ಸನ್ಯಾಸಿಗಳು ಕಡಿದಿಟ್ಟ ಆ ಮೆಟ್ಟಿಲುಗಳು ಒಂದರಂತೆ ಒಂದಿಲ್ಲ, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಲೀಡನ್ ಹಗ್ಗವನ್ನು ಅಪ್ಪನ ಸೊಂಟಕ್ಕೆ ಬಿಗಿದು ಮುಂದೆ ನಡೆದಳು. ಎರಡು ಶಿಖರಗಳ ನಡುವಿನ ಕಿರಿದಾದ ತಗ್ಗು ತಲುಪುವಷ್ಟರಲ್ಲಿ ಅವನ ಮುಖ ಬೆವರಿನಲ್ಲಿ ತೊಯ್ದಿತ್ತು. ಎರಡೂ ಬದಿಗೆ ಪ್ರಪಾತ, ಕೆಳಗೆ ನೊರೆ. ಮಗಳು ಇಲ್ಲಿಂದಲೇ ಹಿಂದಿರುಗೋಣವೇ ಎಂದು ಕೇಳಿದಳು. ಅವನು ಬೇಡವೆಂದು ತಲೆಯಾಡಿಸಿ ಕೈಯೂರಿ, ಅಂಬೆಗಾಲಿನಲ್ಲಿ ಮೇಲಕ್ಕೆ ಹೊರಟ.

ಅಷ್ಟರಲ್ಲಿ ಒಂದು ಕಲ್ಲು ಜಾರಿತು.

ಕಾಲು ಗಾಳಿಯಲ್ಲಿ ತೇಲಿತು. ಮೈ ಅಂಚಿನತ್ತ ಸರಿಯಿತು. ಲೀಡನ್ ಬಂಡೆಗೆ ಪಾದ ಒತ್ತಿ ಹಿಂದಕ್ಕೆ ವಾಲಿದಳು. ಹಗ್ಗ ಸೆಟೆಯಿತು.

"ಎಡಗೈ ಹತ್ರ ಬಿರುಕಿದೆ ಅಪ್ಪಾ. ಬೆರಳು ತುರುಕು. ಈಗ ಮೊಣಕಾಲು."

ಅವನು ಮೆಲ್ಲಗೆ ಮೇಲೆ ಬಂದ. ಕಲ್ಲು ಕೆಳಗೆ ಬಿದ್ದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿಸಿತು.

ನೆತ್ತಿಯ ಮೇಲೆ ಗಾಳಿಯೇ ಇರಲಿಲ್ಲ. ಕಲ್ಲುಗೋಡೆಯ ಮರೆಯಲ್ಲಿ ಬೂದುಬಣ್ಣದ ಗುಡಿಸಲುಗಳು ಒತ್ತೊತ್ತಾಗಿ ನಿಂತಿದ್ದವು. ನಡುವೆ ಒಂದು ಶಿಲುಬೆ, ಗಾಳಿಮಳೆಗೆ ಅದರ ತೋಳುಗಳೆಲ್ಲ ಸವೆದಿದ್ದವು. ಗಾಬ್ನೆಟ್ ಹೇಳಿದಂತೆಯೇ ಎಲ್ಲವೂ ಇತ್ತು. ಎಲ್ಲಿ ತಲೆ ಬಗ್ಗಿಸಬೇಕು, ಎಲ್ಲಿ ಹುಲ್ಲು ಮೆತ್ತಗಿದೆ ಎಂಬುದೂ ಅವನಿಗೆ ಗೊತ್ತಿತ್ತು. ತುದಿಯ ಗುಡಿಸಲೊಳಗೆ ಅವನು ಒಬ್ಬನೇ ಹೋದ. ಲೀಡನ್ ಹೊರಗೇ ಕೂತಳು.

ಕಿಟಕಿ ಅಂಗೈಯಗಲದ್ದು. ಅದರಿಂದ ಸನ್ಯಾಸಿಗಳಿಗೆ ಕಂಡ ಹಾಗೆ ತನಗೂ ದಿಗಂತ ಕಾಣುತ್ತದೆಂದು ಅವನು ಎಣಿಸಿದ್ದ. ಕಂಡದ್ದು ಇಳಿಯುವ ಕಟ್ಟೆಯ ಮುಂದಿನ ನೀರು. ಆ ನೀರಿನಲ್ಲಿ ಅವನ ಕೆಂಪು ದೋಣಿ ಬೆಂಕಿಪೊಟ್ಟಣದಷ್ಟಾಗಿ ಸುತ್ತು ಹೊಡೆಯುತ್ತಿತ್ತು. ಪುಟ್ಟ ಗೊಂಬೆಯಂಥ ಮಾಸಿ ಅದರಲ್ಲಿ ಕೂತು ಬ್ರೆಡ್ ತಿನ್ನುತ್ತಿದ್ದ.

ನೀನು ಇವತ್ತು ಊಟ ತಡ ಮಾಡಿದೆ, ಸೀಲ್ ಪ್ರಾಣಿಗೆ ಮೀನೆಸೆದೆ, ತೂಕಡಿಸಿದೆ ಎಂದು ಗಾಬ್ನೆಟ್ ಸಂಜೆ ದೋಣಿ ಹತ್ತಿದಾಗ ಛೇಡಿಸುತ್ತಿದ್ದಳು. ಅವೆಲ್ಲ ಊಹೆಯೆಂದು ಅವನು ತಿಳಿದಿದ್ದ. ಅವಳು ಇಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ಇಷ್ಟು ಬೇಸಿಗೆಗಳೂ ನೋಡುತ್ತಿದ್ದಳು. ಮಾಸಿ ಒಂದು ಸಲವಾದರೂ ತಲೆ ಎತ್ತಲಿ ಎಂದು ಫಿನ್‌ಬಾರ್ ಕಾದ. ಮಾಸಿಯ ಮುಖ ಅಲೆಯ ಕಡೆಗೇ ಇತ್ತು. ದೋಣಿಯವನ ಕಣ್ಣು ಇರುವುದೇ ಅಲ್ಲಿ. ಫಿನ್‌ಬಾರ್ ಕೂಡ ಅಷ್ಟು ವರ್ಷ ತಲೆ ಎತ್ತಿದವನಲ್ಲ.

ಹಣೆಯನ್ನು ತಣ್ಣನೆಯ ಕಲ್ಲಿಗೆ ಒತ್ತಿಕೊಂಡು ಅವನು ಬಹಳ ಹೊತ್ತು ನಿಂತ. ಅವಳು ತೊಡುತ್ತಿದ್ದ ಉಣ್ಣೆಯ ವಾಸನೆ ಬಂದಂತಾಯಿತು. ಆದರೆ ಅದು ತೇವಗೊಂಡ ಅವನದೇ ಸ್ವೆಟರ್‌ನದು.

ಹೊರಗೆ ಲೀಡನ್ ಬಳಿಯಿದ್ದ ಕೈರೇಡಿಯೋ ಗರಗರ ಎಂದಿತು. "ಅಲೆ ವಾಯುವ್ಯಕ್ಕೆ ತಿರುಗಿದೆ. ಬೇಗ ಇಳೀರಿ," ಎಂದ ಮಾಸಿ.

ಇಳಿಯುವಾಗ ಫಿನ್‌ಬಾರ್ ಕೂತುಕೊಂಡೇ ಜಾರಿದ, ಮಗಳು ಹಿಂದಿನಿಂದ ಹಗ್ಗ ಬಿಡುತ್ತ ಬಂದಳು. ಕೆಳಗೆ ಬಂದಾಗ ಕಟ್ಟೆ ಅಲೆಯಡಿ ಮುಳುಗಿ ಮುಳುಗಿ ಏಳುತ್ತಿತ್ತು.

ದೋಣಿ ಹತ್ತಿರ ಬಂತು. ಫಿನ್‌ಬಾರ್ ಹಗ್ಗ ಬಿಚ್ಚಿ ಕಾಲು ಮುಂದಿಟ್ಟ.

"ಬೇಡ," ಎಂದು ಮಾಸಿ ಕೂಗಿ ದೋಣಿಯನ್ನು ಹಿಂದಕ್ಕೆ ಕಿತ್ತ. ಮರುಕ್ಷಣವೇ ಗೋಡೆಯಂಥ ನೀರು ಕಟ್ಟೆಗೆ ಅಪ್ಪಳಿಸಿತು. ಲೀಡನ್ ಅಪ್ಪನನ್ನು ಬಂಡೆಗೆ ಒತ್ತಿ ಹಿಡಿದಳು. ಇಬ್ಬರೂ ತಲೆಯಿಂದ ಕಾಲವರೆಗೆ ನೆನೆದರು.

"ನೀನು ಅಲೆ ನೋಡ್ಬೇಡ ಫಿನ್‌ಬಾರ್. ಅದು ನನ್ನ ಕೆಲ್ಸ. ನನ್ನ ಮುಖ ನೋಡು. ನಾನು ಹೇಳ್ದಾಗ ಹಾರು."

ಅದೇ ಮಾತನ್ನು ಅವನು ಅದೆಷ್ಟು ಜನಕ್ಕೆ ಹೇಳಿದ್ದನೋ. ಕೇಳುವುದು ಎಷ್ಟು ಕಷ್ಟವೆಂದು ಈಗ ತಿಳಿಯಿತು. ಕಣ್ಣನ್ನು ನೀರಿನಿಂದ ಕಿತ್ತು ಆ ಸುಕ್ಕುಮುಖದ ಮೇಲೆ ಇಟ್ಟ. ದೋಣಿ ಏರಿತು, ಇಳಿಯಿತು, ಮತ್ತೆ ಏರಿತು.

"ಈಗ."

ಹಾರಿದ. ಬಲೆಯ ರಾಶಿಯ ಮೇಲೆ ಬಿದ್ದ. ಸೊಂಟದಲ್ಲಿ ಬೆಂಕಿ ಹೊತ್ತಿಕೊಂಡಂತಾಯಿತು. ಅವನ ಹಿಂದೆಯೇ ಲೀಡನ್ ಬೆಕ್ಕಿನಂತೆ ಬಂದಿಳಿದಳು. ಮಾಸಿ ದೋಣಿಯ ಮೂತಿ ತಿರುಗಿಸಿ ಎಂಜಿನ್‌ಗೆ ಪೂರ್ತಿ ಬಲ ಕೊಟ್ಟ.

ಊರಿನವರೆಗೂ ಚುಕ್ಕಾಣಿ ಮಾಸಿಯ ಕೈಯಲ್ಲೇ ಇತ್ತು. ಫಿನ್‌ಬಾರ್ ಪ್ರವಾಸಿಗರ ಬೆಂಚಿನಲ್ಲಿ, ಅವರಂತೆಯೇ ಊರಿಗೆ ಬೆನ್ನು ತಿರುಗಿಸಿ ಕೂತು, ಬಂಡೆ ಮಂಜಿನಲ್ಲಿ ಕರಗುವವರೆಗೂ ತಲೆ ಎತ್ತಿ ನೋಡುತ್ತಿದ್ದ.

ಊರ ಕಟ್ಟೆಯ ಪಕ್ಕದ ಪಬ್ಬಿನಲ್ಲಿ ಮೂವರೂ ಒಲೆಗೆ ಹತ್ತಿರ ಕೂತು ಬಿಸಿ ಮೀನಿನ ಸೂಪು ಕುಡಿದರು. ಲೀಡನ್ ಅಪ್ಪನ ಒದ್ದೆ ಸ್ವೆಟರ್ ಒಣಗಿಸಲು ಎದ್ದು ಹೋದಳು. ಆಗ ಮಾಸಿ, ಮೇಲೆ ಏನಿದೆ ಎಂದು ಸುಮ್ಮನೆ ಕೇಳುವವನಂತೆ ಕೇಳಿದ. ಫಿನ್‌ಬಾರ್ ಗುಡಿಸಲುಗಳ ಬಗ್ಗೆ, ಶಿಲುಬೆಯ ಬಗ್ಗೆ, ಗಾಳಿಯಿಲ್ಲದ ಆ ಹುಲ್ಲಿನ ಬಗ್ಗೆ ಹೇಳಿದ. ಮಾಸಿ ಚಮಚ ಕೆಳಗಿಟ್ಟು ಕೇಳಿದ. ಅವನ ಮುಖ ನೋಡುತ್ತ ನೋಡುತ್ತ ಫಿನ್‌ಬಾರ್ ಮಾತು ನಿಲ್ಲಿಸಿದ.

"ನೀನೂ ಹತ್ತಿಲ್ಲ ಅಲ್ವಾ?"

ಮಾಸಿ ಚಮಚವನ್ನು ಮತ್ತೆ ಕೈಗೆತ್ತಿಕೊಂಡ.

"ಗುರುವಾರಾನೂ ಗಾಳಿ ಕಮ್ಮಿ ಅಂತೆ. ನಾನು ದೋಣಿ ಹಿಡ್ಕೊಂಡಿರ್ತೀನಿ. ಲೀಡನ್ ಜೊತೆ ಹೋಗ್ಬಾ."

ಮಾಸಿ ಮೇಜಿನಡಿಯಿಂದ ತನ್ನ ಹಳೆಯ ರಬ್ಬರ್ ಬೂಟನ್ನು ಚಾಚಿ ತೋರಿಸಿದ.

"ಹತ್ತೋಕೆ ಇದು ಸಾಕಾ?"