ನೂರನೆಯ ಸೂಜಿ

"ಪೆನ್ಸಿಲ್ ಇಲ್ಲಿ ಕೊಡು, ನೆವೆನಾ."

ರಿಲಾ ಬೆಟ್ಟದ ನೆತ್ತಿಯಲ್ಲಿ, ವರ್ಷದ ನಂತರ ಕಂಡ ಝಿವ್ಕೋನ ಮೊದಲ ಮಾತು ಇದು. ಅವಳಿಗೆ ಮೈಯೆಲ್ಲ ಉರಿಯಿತು.

ಹೋದ ವರ್ಷ ಇಲ್ಲೇ ಅವಳ ಹುಲ್ಲಿನ ಎಣಿಕೆಯನ್ನು ಹೊಡೆದುಹಾಕಿ ಬೇರೆ ಅಂಕಿ ಬರೆದದ್ದು ಇದೇ ಕೈ! ಅವಳ ಪ್ರೊಫೆಸರರು ಎಲ್ಲರೆದುರು ಕಾರಣ ಕೇಳಿದಾಗ ಅವಳು ತಲೆ ತಗ್ಗಿಸಿದ್ದಳು. ಅಂದೇ ಬಸ್ ಹತ್ತಿದವಳು, ಪ್ರೀತಿಸಿದವನ ಒಂದು ಫೋನನ್ನೂ ಎತ್ತಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಎಷ್ಟು ರಾತ್ರಿ ಅತ್ತಳೋ...

ಇಂದು ಬೇರೆ ದಾರಿಯಿರಲಿಲ್ಲ. ಸಂಶೋಧಕರು ಇಪ್ಪತ್ತು ವರ್ಷ ತಪ್ಪದೆ ವರ್ಷಕ್ಕೊಮ್ಮೆ ಎಣಿಸಿದ ಈ ಒಂದು ಚದರ ಮೀಟರ್ ಹುಲ್ಲುನೆಲದ ಲೆಕ್ಕ ಈಗ ತಪ್ಪಿದರೆ ಅವಳ ಸಂಶೋಧನೆ ಮುಗಿದಂತೆ. ಸಂಜೆಗೆ ಹಿಮ ಬೀಳುವ ಸೂಚನೆಯಿತ್ತು. ಜ್ವರ ಬಂದ ಜೊತೆಗಾತಿ, ತನ್ನ ಬದಲು ಅರಣ್ಯ ರಕ್ಷಕ ಝಿವ್ಕೋನನ್ನು ಕಳಿಸಿದ್ದಳು.

"ನಾನು ಹೇಳಿದ್ದನ್ನ ತಿರುಗಿ ಹೇಳಿ, ಆಮೇಲೆ ಬರೀಬೇಕು. ಬೇರೆ ಮಾತು ಬೇಡ."

"ಆಯ್ತು ಮಾರಾಯ್ತಿ."

ಹುಲ್ಲಿನ ಮೇಲಿಟ್ಟ ಮರದ ಚೌಕಟ್ಟಿನ ಅಡ್ಡ-ಉದ್ದ ದಾರಗಳು ಕೂಡುವ ನೂರು ಕಡೆ ಸೂಜಿ ಇಳಿಸಿ, ಅದು ಮುಟ್ಟಿದ ಗಿಡದ ಹೆಸರನ್ನು ಅವಳು ಹೇಳುತ್ತ ಹೋದಳು. ಅವನು ತಿರುಗಿ ಹೇಳಿ ಗೀಟು ಹಾಕಿದ. ಬೆರಳು ಮರಗಟ್ಟಿದರೂ ಅವಳು ನಿಲ್ಲಿಸಲಿಲ್ಲ.

ಅರವತ್ತೆರಡನೆಯ ಸೂಜಿ, ಕುರಿ ಮೇಯ್ದ ಮೋಟು ಹುಲ್ಲನ್ನು ಮುಟ್ಟಿತು.

"ಕುರಿಹುಲ್ಲು."

ಅವನು ತಿರುಗಿ ಹೇಳಲಿಲ್ಲ.

'ಮತ್ತೆ ಶುರುವಾಯಿತು!' ಎಂದು ರೇಗಿ, ಹುಲ್ಲಿನ ಬುಡ ಬಿಡಿಸಿ ನೋಡಿದಳು. ಕೆಂಪಗಿತ್ತು. ಕೆಂಬುಡದ ಹುಲ್ಲು ಬೇರೆಯೇ ಜಾತಿ. ತೆನೆಯನ್ನು ಕುರಿ ತಿಂದರೆ ಎರಡೂ ಒಂದೇ ಥರ ಕಾಣುತ್ತವೆ. ಹೋದ ವರ್ಷ ಅವಳು ಬುಡ ನೋಡಿರಲೇ ಇಲ್ಲ; ಅವನು ತಿದ್ದಿದ್ದೇ ಸರಿ.

"ಆವತ್ತೇ ಹೇಳಬಾರದಿತ್ತಾ?" ಎಂದಳು.

"ನಿನ್ನ ಕೇಳದೆ ಹೊಡೆದುಹಾಕಿದ್ದು ನನ್ನ ತಪ್ಪು. ಹೇಳೋಕೆ ಓಡಿ ಬಂದೆ. ಬಸ್ಸು ಹೊರಟುಹೋಗಿತ್ತು."

ತಾನೂ ಕೇಳಿಸಿಕೊಳ್ಳಲಿಲ್ಲವಲ್ಲ... ಅವಳು ಕಣ್ಣೊರೆಸಿಕೊಂಡಳು. "ಕೆಂಬುಡದ ಹುಲ್ಲು," ಎಂದಳು.

"ಕೆಂಬುಡದ ಹುಲ್ಲು," ಎಂದು ಅವನು ಬರೆದ.

ನೂರನೆಯ ಸೂಜಿ ಕಲ್ಲಿಗೆ ತಾಗುವಾಗ ಮೊದಲ ಹಿಮ ಉದುರುತ್ತಿತ್ತು. ಲೆಕ್ಕ ಉಳಿಯಿತು! ಆದರೂ ಅವಳು ಏಳಲಿಲ್ಲ.

"ಇನ್ನೊಂದಿದೆ. ಬರ್ಕೋ."

"ನೂರು ಮುಗೀತಲ್ಲ?"

"ನಿನ್ನ ಬಿಟ್ಟಿರೋಕೆ ನನ್ನ ಕೈಲಾಗಲ್ಲ."

ಅವನು ಪೆನ್ಸಿಲ್ ಕೆಳಗಿಳಿಸಿದ. ಆಮೇಲೆ, ನಿಯಮದಂತೆ, ಮೆಲ್ಲಗೆ ತಿರುಗಿ ಹೇಳಿದ:

"ನಿನ್ನ ಬಿಟ್ಟಿರೋಕೆ ನನ್ನ ಕೈಲಾಗಲ್ಲ."

"ಬರೀಲಿಲ್ವಲ್ಲ?"

ಅವನು ಪೆನ್ಸಿಲನ್ನು ಅವಳ ತಣ್ಣನೆಯ ಬೆರಳುಗಳ ನಡುವೆ ಇಟ್ಟ. "ಇದನ್ನ ನೀನೇ ಬರಿ. ನಾನು ಹೊಡೆದುಹಾಕಲ್ಲ."